ನಿಂತು ಹೊಲಿಯುತ್ತಿದ್ದ ಉಸ್ತಾದರು

ಅಂದು ಮಧ್ಯಾಹ್ನ ಅಂಗಡಿಗೆ ಬಂದ ಊಟ ಹುಳಿಬೇಳೆ, ಅನ್ನ, ಬೆಂಡೆಕಾಯಿ ಪಲ್ಯ ಮತ್ತು ಬೇಯಿಸಿದ ಮೊಟ್ಟೆ. ಶಿವಾಜಿನಗರದ ಒಂದು ಓಣಿಯಲ್ಲಿ ಆಟೊಗಳಿಗೂ ಬೈಕುಗಳಿಗೂ ಸೀಟ್ ಕವರ್ ಹೊಲಿಯುವ ಅಂಗಡಿ ಅದು. ಅಣ್ಣ ತಮ್ಮ ಇಬ್ಬರು ಅದರ ಯಜಮಾನರು. ಅಣ್ಣ ಗಲ್ಲಾದ ಬಳಿ ಕೂರುತ್ತಿದ್ದರು. ಅವರನ್ನು ನಾವು ದೊಡ್ಡವರು ಎನ್ನುತ್ತಿದ್ದೆವು. ತಮ್ಮ ಕೂರುತ್ತಿದ್ದದ್ದು ಹೊಲಿಗೆ ಮಿಷನ್ನಿನ ಮುಂದೆ. ನನಗೆ ಕೆಲಸ ಕಲಿಸಿದವರು ಅವರೇ ಆದ್ದರಿಂದ ಅವರು ಉಸ್ತಾದ್. ಕೆಲಸಗಾರರು ಹಲಸೂರಿನ ಅರುಳ್ ಮತ್ತು ಹರಿಹರದಿಂದ ಬಂದ ನಾನು. ಉಸ್ತಾದರು ನನ್ನನ್ನು ಕೊನೆಯವರೆಗೂ ಹೆಸರು ಹಿಡಿದು ಕರೆಯಲಿಲ್ಲ. "ಏನೋ ಹರಿಹರ" ಎಂದೇ ಕರೆದರು.

ಊಟದ ಹೊತ್ತಿಗೆ ನೆಲದ ಮೇಲೆ ಹಳೆಯ ರೆಕ್ಸಿನ್ ಹಾಸಿ, ನಡುವೆ ಒಂದು ಅಗಲವಾದ ಸ್ಟೀಲ್ ತಟ್ಟೆ ಇಟ್ಟು, ನಾಲ್ವರೂ ಸುತ್ತ ಕೂರುತ್ತಿದ್ದೆವು. ಒಂದೇ ತಟ್ಟೆ. ಅದು ಆ ಮನೆಯವರ ಪದ್ಧತಿ. ಪ್ರತಿಯೊಬ್ಬರೂ ತಮ್ಮ ಎದುರಿನ ಭಾಗದಿಂದ ಮಾತ್ರ ತಿನ್ನಬೇಕು, ಕೈ ನಡುವೆ ಹೋಗಬಾರದು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಒಂದು ಮೂಲೆಯಲ್ಲಿ ನನ್ನ ಡಬ್ಬಿ ಬಿಚ್ಚಿದ್ದೆ. ಉಸ್ತಾದರು ಕರೆದು ಕೂರಿಸಿಕೊಂಡರು. ಅಂದಿನಿಂದ ನಾನು ತಿನ್ನದ ಯಾವುದೂ ಆ ತಟ್ಟೆಗೆ ಬರಬಾರದು ಎಂದು ಮನೆಗೆ ಹೇಳಿ ಕಳಿಸಿದರು. ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ.

ಅಂದು ಊಟದ ನಡುವೆ ಅರುಳ್ ಹೇಳಿದ, "ಉಸ್ತಾದ್, ಆ ಹೊಸ ಆಟೊದವನು ಸೀಟಿನ ಹಿಂದೆ ಹೆಂಡ್ತಿ ಹೆಸರು ಹೊಲೀಬೇಕಂತೆ."

"ಹೊಲಿಯೋಣ."

"ಹೋದ ಸಲ ಬೇರೆ ಹೆಸರು ಹೊಲಿಸಿದ್ದ."

"ಮಗಳದ್ದಿರಬಹುದು ಬಿಡೋ."

"ಮದುವೆಯಾಗಿದ್ದೇ ಮೊನ್ನೆ ಉಸ್ತಾದ್!"

"ಹಾಗಾದ್ರೆ ಹೊಲಿಗೆ ದೂರ ದೂರ ಹಾಕು. ಬಿಚ್ಚೋಕೆ ಸುಲಭ ಆಗ್ಲಿ ಪಾಪ."

ದೊಡ್ಡವರು ನಕ್ಕು ಕೆಮ್ಮಿದರು. ಉಸ್ತಾದರು ತಮ್ಮ ಮೊಟ್ಟೆಯನ್ನು ಬೆರಳಿನಿಂದ ಮುರಿದು ಅರ್ಧವನ್ನು ನನ್ನ ಬದಿಗೆ ತಳ್ಳಿದರು. ದಿನವೂ ಹೀಗೆಯೇ. ತಟ್ಟೆಯ ಅವರ ಬದಿಯಿಂದ ಏನಾದರೊಂದು ನಮ್ಮ ಬದಿಗೆ ಸರಿದು ಬರುತ್ತಿತ್ತು. ಬೇಡವೆಂದು ವಾಪಸ್ಸು ತಳ್ಳಿದರೆ ಸಿಟ್ಟು ಬರುತ್ತಿತ್ತು. "ತಿನ್ನೋದು ಎಲ್ಲಾದ್ರೂ ತಿನ್ನಬಹುದು. ತಳ್ಳೋಕೆ ಅಂತಲೇ ತಟ್ಟೆ ಇರೋದು," ಎನ್ನುತ್ತಿದ್ದರು.

ಅಂದು ಬೇರೇನೂ ನಡೆಯಲಿಲ್ಲ. ಮರುದಿನ ಅವರು ಅಂಗಡಿಗೆ ಬರಲಿಲ್ಲ. ಹೊಟ್ಟೆನೋವು, ರಕ್ತ. ಅದು ಎಷ್ಟೋ ದಿನದಿಂದ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ನಾಲ್ವರೂ ಒಂದೇ ತಟ್ಟೆಯಲ್ಲಿ ಉಂಡ ಕೊನೆಯ ಊಟ ಆ ಹುಳಿಬೇಳೆಯದು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಅಂಗಡಿ ಯಾವುದೆಂದು ತಿಳಿಯುತ್ತದೆ, ಅಂಗಡಿ ತಿಳಿದರೆ ಮನೆ ತಿಳಿಯುತ್ತದೆ. ಆ ಮನೆಯಲ್ಲಿ ಇನ್ನೂ ಒಬ್ಬಳು ಹೆಣ್ಣುಮಗಳ ಮದುವೆ ಆಗಬೇಕಿದೆ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂಬುದೇ ನಾನು ಹೇಳಬೇಕಾದ ವಿಷಯ.

ಉಸ್ತಾದರ ಹೆಬ್ಬೆರಳಿನ ಬಗ್ಗೆ ಮೊದಲು ಹೇಳುತ್ತೇನೆ. ಅಂಥ ಕೆಲಸ ಮಾಡುವ ಎಲ್ಲರ ಹೆಬ್ಬೆರಳೂ ಕೆಲವೇ ವರ್ಷದಲ್ಲಿ ಜಡ್ಡುಗಟ್ಟುತ್ತದೆ. ನನ್ನದೂ ಕಟ್ಟಿದೆ. ಅವರದ್ದು ಕಟ್ಟಲು ಅವರು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಅರುಳ್ ರೇಗಿಸುತ್ತಿದ್ದ, "ಏನ್ ಉಸ್ತಾದ್, ಮದುಮಗಳ ಕೈ ಥರ ನೋಡ್ಕೋತೀರಾ." ಅವರು ತಲೆ ಎತ್ತುತ್ತಿರಲಿಲ್ಲ. ರೆಕ್ಸಿನ್ ಮೇಲೆ ಹೆಬ್ಬೆರಳು ಆಡಿಸಿ, ಕೆಳಗಿನ ಫೋಮ್ ಎಲ್ಲಿ ತೆಳುವಾಗಿದೆ, ದಾರ ಎಲ್ಲಿ ಬಿಗಿಯಾಗಿದೆ ಎಂದು ಹೇಳುತ್ತಿದ್ದರು. ಹೊಸಬರು ಹೊಲಿದದ್ದು ಯಾಕೆ ಹರಿಯುತ್ತದೆ ಎಂದು ಒಮ್ಮೆ ಕೇಳಿದೆ. "ಬೆರಳಿಗೆ ಗೊತ್ತಾಗಲ್ಲ, ಅದಕ್ಕೇ ಜೋರು ಮಾಡ್ತಾರೆ. ಗೊತ್ತಾಗೋ ಬೆರಳು ಮೆತ್ತಗೆ ಎಳೆಯುತ್ತೆ," ಎಂದರು. ಆ ಮಾತು ಮುಂದೆ ಇನ್ನೊಂದು ಕಡೆ ಬರುತ್ತದೆ.

ಆಸ್ಪತ್ರೆಯಲ್ಲಿ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಕರುಳಿನ ಟಿಬಿ ಇರಬಹುದು, ಅದೇ ಥರ ಕಾಣುವ ಇನ್ನೊಂದು ಕಾಯಿಲೆಯೂ ಇರಬಹುದು, ಎರಡನ್ನೂ ಬೇರೆ ಮಾಡುವುದು ಕಷ್ಟ, ಮೊದಲು ಟಿಬಿ ಮಾತ್ರೆ ಕೊಟ್ಟು ನೋಡೋಣ ಎಂದರು ಡಾಕ್ಟರು. ಹೊಟ್ಟೆಯ ಟಿಬಿ ತಟ್ಟೆ ಲೋಟದಿಂದ ಹರಡುವುದಿಲ್ಲ ಎಂದೂ ಬಿಡಿಸಿ ಹೇಳಿದರು. ನಾನು ಅಲ್ಲೇ ಇದ್ದೆ. ದೊಡ್ಡವರೂ ಇದ್ದರು. ಅವರ ಕಿವಿಗೆ ಬಿದ್ದದ್ದು ಟಿಬಿ ಎಂಬುದಷ್ಟೇ.

ಉಸ್ತಾದರು ಮತ್ತೆ ಅಂಗಡಿಗೆ ಬಂದ ದಿನ ಊಟದ ಜೊತೆ ಒಂದು ಸಣ್ಣ ತಟ್ಟೆಯೂ ಲೋಟವೂ ಬಂದವು. ತಟ್ಟೆಯ ತಳದಲ್ಲಿ ಕೆಂಪು ನೈಲ್ ಪಾಲಿಶ್‌ನ ಒಂದು ಬೊಟ್ಟು. ತೊಳೆಯುವಾಗ ಉಳಿದವುಗಳ ಜೊತೆ ಸೇರದಿರಲಿ ಎಂದು ಮನೆಯಲ್ಲಿ ಹಾಕಿದ ಗುರುತು.

"ಛೋಟೇ, ನಿಂಗೆ ಬೇರೆ ಹಾಕಿದೆ," ಎಂದರು ದೊಡ್ಡವರು.

ಉಸ್ತಾದರು ತಟ್ಟೆಯನ್ನು ತಿರುಗಿಸಿ ಬೊಟ್ಟು ನೋಡಿದರು. "ಆಯ್ತು ಭಾಯ್‌ಜಾನ್," ಎಂದರು. ಮಿಷನ್ನಿನ ಕಡೆ ಹೋಗಿ, ನಮಗೆ ಬೆನ್ನು ಹಾಕಿ ತಿಂದರು.

ಅರುಳ್‌ಗೆ ತಡೆಯಲಾಗಲಿಲ್ಲ. "ನನಗೂ ಬೇರೆ ತಟ್ಟೆ ಕೊಡಿ."

"ನಿಂಗೇನಯ್ಯಾ ರೋಗ?"

"ಹೊಟ್ಟೆಕಿಚ್ಚು. ಅವರ ತಟ್ಟೇಲಿ ಮೊಟ್ಟೆ ಪೂರ್ತಿ ಇದೆ, ನಮಗೆ ಅರ್ಧ."

ಉಸ್ತಾದರ ಬೆನ್ನು ನಗುವಿಗೆ ಸ್ವಲ್ಪ ಅಲುಗಿತು. ನಂತರ ಅವರು ಎದ್ದು ಬಂದು, ಮೊಟ್ಟೆಯ ಅರ್ಧವನ್ನು ನನ್ನ ಕಡೆ ಹಾಕಲು ಕೈ ಚಾಚಿದರು. ದೊಡ್ಡವರು ಅಗಲ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಚಾಚಿದ ಕೈ ಅಲ್ಲೇ ನಿಂತಿತು. ನಾನು ಈಗಲೂ ಮೊಟ್ಟೆ ತಿನ್ನುವಾಗ ಆ ಕೈ ಕಾಣುತ್ತದೆ.

ಟಿಬಿ ಮಾತ್ರೆಗಳ ಅವಧಿ ಮುಗಿಯಿತು. ಗುಣವಾಗಲಿಲ್ಲ. ಇನ್ನೊಬ್ಬ ಡಾಕ್ಟರು ಮತ್ತೆ ಎಲ್ಲ ನೋಡಿ, ಇದು ಟಿಬಿ ಅಲ್ಲ, ಕ್ರೋನ್ಸ್ ಎಂಬ ಕಾಯಿಲೆ, ಕರುಳಿನ ಉರಿಯೂತ, ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಉಸ್ತಾದರಿಗೆ ಖುಷಿಯಾಯಿತು. ವಾಸಿಯಾಗದ ಕಾಯಿಲೆಯ ಹೆಸರು ಕೇಳಿ ಖುಷಿಪಟ್ಟವರನ್ನು ನಾನು ಬೇರೆ ನೋಡಿಲ್ಲ. ಮರುದಿನ ಊಟದ ಹೊತ್ತಿಗೆ ಹಾಸಿದ ರೆಕ್ಸಿನ್ ಹತ್ತಿರ ಬಂದು ನಿಂತರು.

"ಭಾಯ್‌ಜಾನ್, ಟಿಬಿ ಅಲ್ಲವಂತೆ."

"ಮೊದಲನೇ ಡಾಕ್ಟರು ಹೌದು ಅಂದಿದ್ರು. ಇವರು ಅಲ್ಲ ಅಂತಾರೆ. ನಾಳೆ ಮೂರನೆಯವರು ಏನಂತಾರೋ. ಹುಷಾರಾಗಿದ್ರೆ ತಪ್ಪೇನು?"

"ತಪ್ಪೇನಿಲ್ಲ," ಎಂದು ಸಣ್ಣ ತಟ್ಟೆ ತೆಗೆದುಕೊಂಡು ಹೋದರು.

ಆಮೇಲೆ ಅವರಿಗೆ ಕೂರುವುದೇ ಕಷ್ಟವಾಯಿತು. ಆ ಕಾಯಿಲೆಯಲ್ಲಿ ಕೆಲವರಿಗೆ ಗುದದ್ವಾರದ ಪಕ್ಕದಲ್ಲಿ ಹುಣ್ಣಾಗಿ ಕೀವು ಸೋರುತ್ತದೆ. ಅವರಿಗೂ ಆಯಿತು. ಇಡೀ ಊರಿಗೆ ಸೀಟು ಹೊಲಿಯುವವರು ಕೂರಲಾಗದವರಾದರು. ಮಿಷನ್ನಿನ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರಿಸಿಕೊಂಡು, ಒಂದು ಕಾಲು ನೆಲದ ಮೇಲೆ ಒಂದು ಕಾಲು ಪೆಡಲ್ ಮೇಲೆ ಇಟ್ಟು, ನಿಂತೇ ಹೊಲಿದರು. ಗಿರಾಕಿಗಳು ಕೇಳುತ್ತಿದ್ದರು, "ಯಾಕೆ ಸಾಬ್, ಕೂತ್ಕೊಳಲ್ವಾ?"

"ದಿನಾ ಸೀಟು ನೋಡಿ ನೋಡಿ ಸೀಟು ಕಂಡ್ರೇ ಬೇಜಾರು ಕಣಪ್ಪ."

ಮೊದಲೆಲ್ಲ ಹೊಲಿದ ಸೀಟನ್ನು ತಾವೇ ಕೂತು ನೋಡಿ ಕೊಡುತ್ತಿದ್ದರು. ಈಗ ಆ ಕೆಲಸ ನನಗೆ ಬಂತು. "ಹರಿಹರ, ಕೂತು ಹೇಳು." ನಾನು ಕೂರುತ್ತಿದ್ದೆ. ಚೆನ್ನಾಗಿದೆ ಎನ್ನುತ್ತಿದ್ದೆ. "ಚೆನ್ನಾಗಿದೆ ಅಂತ ಎಲ್ಲಾ ಹೇಳ್ತಾರೆ. ಎಲ್ಲಿ ಒತ್ತುತ್ತೆ ಹೇಳು," ಎನ್ನುತ್ತಿದ್ದರು. ನಾನು ಕೂತಿರುವಾಗ ಅವರು ನನ್ನ ಮುಖ ನೋಡುತ್ತಿದ್ದ ರೀತಿ, ಹಸಿದವನು ಇನ್ನೊಬ್ಬ ಉಣ್ಣುವುದನ್ನು ನೋಡಿದ ಹಾಗೆ ಇರುತ್ತಿತ್ತು.

ಅವರಿಗೆ ಆ ವರ್ಷ ಹೆಣ್ಣು ನೋಡುತ್ತಿದ್ದರು. ಅದು ನಿಂತಿತು. ಯಾರಾದರೂ ಕೇಳಿದರೆ, "ಕೂರೋಕಾಗದೋನಿಗೆ ಮದುವೆ ಮಂಟಪದಲ್ಲಿ ಯಾವ ಕುರ್ಚಿ ಹಾಕ್ತಾರೆ?" ಎಂದು ಅವರೇ ನಗುತ್ತಿದ್ದರು.

ದೊಡ್ಡವರ ಹಿರಿಯ ಮಗಳನ್ನು ಮನೆಯಲ್ಲಿ ಗುಡ್ಡಿ ಎಂದು ಕರೆಯುತ್ತಿದ್ದರು. ಶಾಲೆ ಬಿಟ್ಟು ಬರುವಾಗ ಅಂಗಡಿಗೆ ಬಂದು, ಅವಳ ಚಾಚಾ, ಎಂದರೆ ಉಸ್ತಾದರು, ತಟ್ಟೆಯಲ್ಲಿ ಉಳಿಸಿಟ್ಟದ್ದನ್ನು ತಿಂದು ಹೋಗುತ್ತಿದ್ದಳು. ಉಳಿದದ್ದಲ್ಲ, ಉಳಿಸಿಟ್ಟದ್ದು. ಅವರು ತಿನ್ನುತ್ತಿದ್ದದ್ದೇ ಸ್ವಲ್ಪ, ಅದರಲ್ಲೂ ಒಂದು ಬದಿ ಅವಳಿಗೆ. ಅವಳಪ್ಪ ಹೊರಗೆ ಹೋಗಿದ್ದಾಗ ಮಾತ್ರ ಇದು ನಡೆಯುತ್ತಿತ್ತು.

"ಬೇಡ ಬೇಟಾ, ನಿಮ್ಮಬ್ಬಾ ಬೈತಾರೆ."

"ಅಬ್ಬಾಗೆ ಹೇಳೋರ್ಯಾರು? ಅರುಳ್ ಅಂಕಲ್ ಹೇಳ್ತಾರಾ?"

"ನಾನು ಹೇಳಲ್ಲಮ್ಮ, ನಂಗೂ ಒಂದು ತುತ್ತು ಕೊಟ್ರೆ," ಎನ್ನುತ್ತಿದ್ದ ಅರುಳ್.

ಗುಡ್ಡಿ ಕಾಲೇಜು ಸೇರಿದ ವರ್ಷ ಸೊರಗತೊಡಗಿದಳು. ಹೊಟ್ಟೆನೋವು, ಜ್ವರ, ರಕ್ತ. ಈ ಸಲ ಇಂದಿರಾನಗರದ ಕಡೆಯ ಒಬ್ಬ ಡಾಕ್ಟರಮ್ಮ ಬೇಗ ಕಂಡುಹಿಡಿದರು. ಚಾಚಾನದ್ದೇ ಕಾಯಿಲೆ.

ಅಂದು ದೊಡ್ಡವರು ಅಂಗಡಿಗೆ ಬಂದು, ನಮ್ಮೆಲ್ಲರ ಎದುರು, ಓಡುತ್ತಿದ್ದ ಮಿಷನ್ನನ್ನು ಕೈ ಇಟ್ಟು ನಿಲ್ಲಿಸಿ ಹೇಳಿದರು, "ನೀನು ಅಂಟಲ್ಲ ಅಂದೆ. ಅಂಟಿತಲ್ಲ."

ಉಸ್ತಾದರು ಪೆಡಲಿನಿಂದ ಕಾಲು ತೆಗೆದರು. ಅವರ ಮುಖ ಆ ದಿನ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಅವರೇ ಅದನ್ನು ನಂಬಿದರು. ಒಂದೇ ಮನೆ, ಒಂದೇ ತಟ್ಟೆ, ಒಂದೇ ಕಾಯಿಲೆ. ನಾನೂ ಅರೆಬರೆ ನಂಬಿದೆ. ಮೊದಲು ಒಬ್ಬರಿಗೆ ಬಂದು ಆಮೇಲೆ ಜೊತೆಯಲ್ಲಿದ್ದವರಿಗೆ ಬಂದರೆ ಅದನ್ನು ಅಂಟಿತು ಎನ್ನದೆ ಇನ್ನೇನು ಎನ್ನುತ್ತಾರೆ?

ಅವರು ಸಣ್ಣ ತಟ್ಟೆಯಲ್ಲಿ ಉಣ್ಣುವುದನ್ನೂ ಬಿಟ್ಟರು. ಬ್ರೆಡ್ಡು ಕಾಗದದಲ್ಲಿ ಸುತ್ತಿ ತರುತ್ತಿದ್ದರು, ತಿಂದು ಕಾಗದ ಎಸೆಯುತ್ತಿದ್ದರು. ಕೆಲವು ದಿನಗಳಾದ ಮೇಲೆ, "ಹರಿಹರ, ನಂಜೊತೆ ಬರ್ತೀಯಾ? ಆ ಡಾಕ್ಟರಮ್ಮನ್ನ ಒಂದು ಮಾತು ಕೇಳ್ಬೇಕು," ಎಂದರು.

ಆಟೊದಲ್ಲಿ ಹೋದೆವು. ಸೀಟು ನಮ್ಮ ಅಂಗಡಿಯದೇ. ಅವರು ಒಂದು ತೊಡೆಯ ಮೇಲೆ ಭಾರ ಹಾಕಿ, ಮೇಲಿನ ಕಂಬಿ ಹಿಡಿದು, ಅರ್ಧ ನಿಂತ ಹಾಗೆಯೇ ಬಂದರು. ಹಾಗಿದ್ದೂ ಹೆಬ್ಬೆರಳಿನಿಂದ ಸೀಟಿನ ಅಂಚು ಸವರಿ, "ಇದು ಅರುಳ್ ಹೊಲಿದದ್ದು. ಬಿಗಿ ಜಾಸ್ತಿ," ಎಂದರು.

ಡಾಕ್ಟರಮ್ಮನ ಎದುರು ಅವರು ಕೂರಲಿಲ್ಲ. "ನಂಗೆ ಒಂದೇ ಪ್ರಶ್ನೆ. ಮಗೂಗೆ ಇದು ನನ್ನಿಂದ ಬಂತಾ? ನನ್ನ ತಟ್ಟೇಲಿ ತಿಂತಿದ್ಲು."

"ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲ."

"ಮತ್ತೆ ಇಬ್ಬರಿಗೂ ಹೇಗೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಎಲ್ಲರ ಕರುಳಿನಲ್ಲೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವು ತಮ್ಮ ಪಾಡಿಗೆ ಇರುತ್ತವೆ. ಕರುಳಿನ ಗೋಡೆಯ ಜೀವಕೋಶಗಳಲ್ಲಿ ಅವನ್ನು ಗುರುತಿಸುವ ಏರ್ಪಾಟು ಇದೆ. ಬ್ಯಾಕ್ಟೀರಿಯಾದ ಹೊರಪದರದ ಒಂದು ಚೂರು ತಾಗಿದರೂ ಅದಕ್ಕೆ ತಿಳಿಯುತ್ತದೆ. ತಿಳಿದು, ಬೇಕಾದಷ್ಟೇ ತಡೆದು, ಸುಮ್ಮನಾಗುತ್ತದೆ. ಈ ಏರ್ಪಾಟನ್ನು ಕಟ್ಟುವುದು ಅಪ್ಪ ಅಮ್ಮನಿಂದ ಬಂದ ಜೀನ್‌ಗಳು. ಅವುಗಳಲ್ಲಿ ಮನುಷ್ಯರಿಂದ ಮನುಷ್ಯರಿಗೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತದೆ. ಕೆಲವು ವ್ಯತ್ಯಾಸಗಳಿಂದ ಆ ಗುರುತಿಸುವ ಶಕ್ತಿ ಮಂದವಾಗುತ್ತದೆ. ಬಾಗಿಲಲ್ಲೇ ತಡೆಯಬೇಕಾದವು ಒಳಗೆ ಬಂದುಬಿಡುತ್ತವೆ. ಆಮೇಲೆ ದೇಹದ ಬೇರೆ ಕಾವಲಿನವರು ಎಚ್ಚೆತ್ತು, ಅಳತೆಯಿಲ್ಲದೆ ಹೊಡೆಯುತ್ತಾರೆ, ನಿಲ್ಲಿಸುವುದಿಲ್ಲ. ಪೆಟ್ಟು ಬೀಳುವುದು ಕರುಳಿಗೇ.

ಉಸ್ತಾದರು ತಮ್ಮ ಹೆಬ್ಬೆರಳು ನೋಡಿಕೊಂಡರು. "ಬೆರಳು ಜಡ್ಡುಗಟ್ಟಿದೋರು ಹೊಲಿದ ಹಾಗೆ. ದಾರ ಬಿಗಿಯಾಯ್ತು ಅಂತ ಗೊತ್ತಾಗಲ್ಲ, ಎಳೀತಾನೇ ಇರ್ತಾರೆ. ರೆಕ್ಸಿನ್ನೇ ಹರಿದುಹೋಗುತ್ತೆ."

"ಪೂರ್ತಿ ಹಾಗಲ್ಲ, ಆದ್ರೆ ಹತ್ತಿರ ಇದೆ," ಎಂದರು ಡಾಕ್ಟರಮ್ಮ. "ಇನ್ನೊಂದು ತಿಳ್ಕೊಳ್ಳಿ. ಜೀನ್ ಒಂದೇ ಕಾರಣ ಅಲ್ಲ. ಅಂಥ ವ್ಯತ್ಯಾಸ ಇದ್ದೂ ಜೀವಮಾನವಿಡೀ ಏನೂ ಆಗದೆ ಇರೋರೇ ಜಾಸ್ತಿ. ಅದಿಲ್ಲದೆ ಕಾಯಿಲೆ ಬಂದೋರೂ ಇದಾರೆ. ಒಂದಲ್ಲ, ತುಂಬಾ ಜೀನ್‌ಗಳು ಸೇರುತ್ತವೆ. ಊಟ, ಸಿಗರೇಟು, ಸಣ್ಣವರಿದ್ದಾಗ ತಗೊಂಡ ಔಷಧಿ, ಇನ್ನೂ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಜೀನ್ ಸ್ವಲ್ಪ ಭಾರ ಹಾಕುತ್ತೆ, ಅಷ್ಟೇ."

"ರಕ್ತ ಟೆಸ್ಟ್ ಮಾಡಿ ಬರೆದು ಕೊಡ್ತೀರಾ? ಭಾಯ್‌ಜಾನ್‌ಗೆ ತೋರಿಸೋಕೆ."

"ಅದರಿಂದ ಉಪಯೋಗ ಇಲ್ಲಪ್ಪ. ಮೊದಲು ಕಂಡುಹಿಡಿದ ವ್ಯತ್ಯಾಸಗಳು ಬೇರೆ ದೇಶದೋರಲ್ಲಿ ಸಿಕ್ಕಿದ್ದು, ನಮ್ಮ ಜನರಲ್ಲಿ ಅವು ಅಪರೂಪ. ನಮ್ಮಲ್ಲಿ ಯಾವ್ಯಾವುದು ಅಂತ ಇನ್ನೂ ಹುಡುಕ್ತಿದಾರೆ. ಟೆಸ್ಟಲ್ಲಿ ಏನೂ ಸಿಗದೇ ಇದ್ರೆ ನಿಮ್ಮಣ್ಣ ಅದನ್ನೇ ಹಿಡ್ಕೋತಾರೆ."

"ಆದ್ರೆ ನಾನಲ್ಲ."

"ನೀವಲ್ಲ. ನಿಮ್ಮಿಬ್ಬರಿಗೂ ಹಿಂದಿನವರಿಂದ ಬಂದಿರಬಹುದು. ಯಾರ ತಪ್ಪೂ ಅಲ್ಲ."

ಹೊರಗೆ ಬಂದು, ಹಾಲು ಆಗದವರು ಚಹಾ ಕೇಳಿ ತೆಗೆದುಕೊಂಡರು. ಅರ್ಧ ಕುಡಿದರು. "ನಾನಲ್ಲವಂತೆ ಕಣೋ ಹರಿಹರ," ಎಂದರು. ವಾಪಸ್ಸು ಬರುವಾಗ ಆಟೊದವನಿಗೂ ಹೇಳಿದರು, "ನಾನಲ್ಲವಂತೆ ಗುರು." ಅವನು ಏನೆಂದು ಕೇಳಲಿಲ್ಲ, "ಒಳ್ಳೇದಾಯ್ತು ಬಿಡಿ ಸಾರ್" ಎಂದ.

ದೊಡ್ಡವರು ಅಂದು ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಶಟರ್ ಅರ್ಧ ಇಳಿಸಿದರು. ನಾನೂ ಅರುಳೂ ಒಳಗೇ ಇದ್ದೆವು. ನಮ್ಮೆದುರು ಮುಚ್ಚಿಡುವ ಮಾತು ಆ ಅಂಗಡಿಯಲ್ಲಿ ಇರಲಿಲ್ಲ.

"ಡಾಕ್ಟರಮ್ಮ ನಂಗೂ ಹೇಳಿದಾರೆ. ಅರ್ಥ ಆಗದೇ ಇರೋಕೆ ನಾನೇನು ಪೆದ್ದ ಅಲ್ಲ," ಎಂದರು. "ಆದ್ರೆ ನೀನೇ ಯೋಚನೆ ಮಾಡು ಛೋಟೇ. ಮನೆತನದಲ್ಲೇ ಇದೆ ಅಂದ್ರೆ ನನ್ನಲ್ಲೂ ಇದೆ. ಗುಡ್ಡಿ ತಂಗೀಲೂ ಇರಬಹುದು. ನಾಳೆ ಗುಡ್ಡಿಗೆ ಹುಟ್ಟೋ ಮಕ್ಕಳಲ್ಲೂ. ಯಾರು ಬರ್ತಾರೆ ನಮ್ಮ ಬಾಗಿಲಿಗೆ? ಅಂಟಿದ್ದು ಅಂದ್ರೆ ವಾಸಿಯಾಯ್ತು ಅಂತ ಹೇಳಬಹುದು. ರಕ್ತದಲ್ಲಿದೆ ಅಂದ್ರೆ ಏನಂತ ಹೇಳಲಿ?"

ಉಸ್ತಾದರು ಒಂದು ಸೀಟಿನ ಅಂಚಿಗೆ ಪೈಪಿಂಗ್ ಪಟ್ಟಿ ಹೊಲಿಯುತ್ತಿದ್ದರು. ನಿಲ್ಲಿಸಲಿಲ್ಲ. "ಅಂದ್ರೆ ನಾನೇ ಅಂತ ಇರಲಿ ಅಂತೀರಾ?"

"ನಾನು ಹಾಗನ್ನಲಿಲ್ಲ."

"ಅನ್ನೋದು ಬೇಡ ಭಾಯ್‌ಜಾನ್. ಅರ್ಥ ಆಯ್ತು." ದಾರ ಕತ್ತರಿಸಿದರು. "ಇರಲಿ. ನಂಗೇನು ಯಾರಾದ್ರೂ ಹೆಣ್ಣು ಕೊಡೋಕೆ ಕಾಯ್ತಿದಾರಾ?"

ಅಣ್ಣನನ್ನು ಕೆಟ್ಟವರೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತದೆ. ಅವರು ಕೆಟ್ಟವರಲ್ಲ. ತಮ್ಮನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತಿದವರು. ಹುಣ್ಣಿನ ಆಪರೇಷನ್ ಆದಾಗ ಹೊರಗೆ ನೆಲದ ಮೇಲೆ ಕೂತು ಅತ್ತವರು. ಅಷ್ಟು ಮಾಡಿದವರು ಒಂದು ಮಾತು ಮಾತ್ರ ಹೇಳಲಿಲ್ಲ. ನನಗೆ ಅವರ ಮೇಲಿರುವ ಸಿಟ್ಟು ಹೋಗದೆ ಇರುವುದು ಅದಕ್ಕೇ. ಕೆಟ್ಟವರಾಗಿದ್ದರೆ ಎಂದೋ ಮರೆತಿರುತ್ತಿದ್ದೆ.

ಚಾಚಾನಿಂದ ಅಂಟಿತ್ತು, ವಾಸಿಯಾಯಿತು ಎಂಬ ಕಥೆ ನಂಬುವ ಹಾಗಿರಬೇಕಾದರೆ ಅಂಟಿಸಿದವರು ಮನೆಯಲ್ಲಿ ಇರಬಾರದು. ಉಸ್ತಾದರು ಕೆ.ಆರ್. ಪುರದ ರೈಲ್ವೆ ಸ್ಟೇಷನ್ ಹತ್ತಿರ ಒಂದು ಕೋಣೆ ಮಾಡಿಕೊಂಡು ಹೋದರು. ಅಲ್ಲಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಅಷ್ಟು ಬಡಕಲಾದವರನ್ನು ನೋಡಿ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಬೇಡವೆಂದರೆ ಅಹಂಕಾರ ಎಂದುಕೊಳ್ಳುತ್ತಿದ್ದರಂತೆ. "ಒಬ್ಬಳು ಅಜ್ಜಿ ಬೈದೇಬಿಟ್ಳು ಕಣೋ, ಕೊಟ್ಟ ಸೀಟಿಗೆ ಮರ್ಯಾದೆ ಇಲ್ವಾ ಅಂತ. ಸೀಟಿಗೆ ನನ್ನಷ್ಟು ಮರ್ಯಾದೆ ಕೊಟ್ಟೋನು ಯಾರಿದಾನೆ ಹೇಳು?" ಎಂದು ಅದನ್ನೂ ನಗುತ್ತ ಹೇಳಿದರು.

ಗುಡ್ಡಿ ಔಷಧಿಯಿಂದ ಚೇತರಿಸಿಕೊಂಡಳು, ಓದು ಮುಗಿಸಿದಳು, ಮಹದೇವಪುರದ ಕಡೆ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅವಳ ಸ್ಕೂಟರಿಗೆ ಉಸ್ತಾದರು ಒಂದು ಸೀಟು ಮಾಡಿಕೊಟ್ಟರು. ನೋಡಲು ಎಲ್ಲ ಸೀಟಿನಂತೆ. ಒಳಗೆ ಫೋಮ್ ಕೊರೆದು, ಕೂತರೆ ನಡುವೆ ಏನೂ ಒತ್ತದ ಹಾಗೆ ಕಟ್ಟಿದ್ದರು. "ಅವಳಿಗೆ ನಂಗಾದ ಹಾಗೆ ಆಗಲ್ಲ. ಆದ್ರೂ ಇರಲಿ," ಎಂದರು. ಅದನ್ನು ಕೂತು ನೋಡಿದವನು ನಾನು. ಅದೊಂದು ಸೀಟಿನಲ್ಲಿ ಮಾತ್ರ ಎಲ್ಲಿಯೂ ಒತ್ತಲಿಲ್ಲ.

ಗುಡ್ಡಿಗೆ ಮದುವೆ ಗೊತ್ತಾಯಿತು, ಗಂಡು ಲಿಂಗರಾಜಪುರದವರು. ಮದುವೆಯ ಊಟಕ್ಕೆ ನೆಲದ ಮೇಲೆ ಉದ್ದಕ್ಕೂ ಬಟ್ಟೆ ಹಾಸಿ, ನಾಲ್ವರಿಗೊಂದು ದೊಡ್ಡ ತಟ್ಟೆಯಂತೆ ಬಿರಿಯಾನಿ ಇಟ್ಟಿದ್ದರು. ನಾನು, ಅರುಳ್ ಮತ್ತು ಪರಿಚಯದ ಒಬ್ಬರು ಆಟೊದವರು ಒಂದು ತಟ್ಟೆಗೆ ಕೂತೆವು. ಒಂದು ಬದಿ ಖಾಲಿ. ಉಸ್ತಾದರು ಬಾಗಿಲ ಬಳಿ, ಇಸ್ತ್ರಿ ಮಾಡಿದ ಬಿಳಿ ಕುರ್ತಾದಲ್ಲಿ, ಬಂದವರಿಗೆ ಅತ್ತರು ಹಚ್ಚುತ್ತ ನಿಂತಿದ್ದರು.

"ಉಸ್ತಾದ್, ಬನ್ನಿ! ನಿಮ್ಮ ಜಾಗ ಖಾಲಿ ಇದೆ," ಎಂದು ಅರುಳ್ ಜೋರಾಗಿಯೇ ಕೂಗಿದ.

ಅವರು ಬಂದರು. ನಿಜವಾಗಿಯೂ ಬಂದರು. ಚಪ್ಪಲಿ ಬಿಟ್ಟು, ಮೊಣಕಾಲೂರಲು ಬಗ್ಗಿದರು. ಆಗ ಗಂಡಿನ ಕಡೆಯ ಹಿರಿಯರೊಬ್ಬರು ಪಕ್ಕದವರಿಗೆ ಏನೋ ಹೇಳಿದರು. ಆ ಪಕ್ಕದವರು ನಮ್ಮ ತಟ್ಟೆಯತ್ತ ನೋಡಿದರು. ಉಸ್ತಾದರು ಅಣ್ಣನನ್ನು ನೋಡಿದರು. ದೊಡ್ಡವರು ಬೀಗರ ಜೊತೆ ಕೂತಿದ್ದರು. ತಮ್ಮನನ್ನು ಕಂಡರು, ತಟ್ಟೆ ಕಂಡರು, ತಲೆ ತಗ್ಗಿಸಿ ಅನ್ನ ಕಲಸತೊಡಗಿದರು.

"ಹೊಟ್ಟೆ ಸರಿಯಿಲ್ಲ ಕಣ್ರೋ, ನೀವು ತಿನ್ನಿ," ಎಂದು ಉಸ್ತಾದರು ಎದ್ದರು. ಎದ್ದ ಮೇಲೆ ನನ್ನ ಬದಿಯ ಕಡೆ ನೋಡಿದರು. ತಳ್ಳಲು ಅವರ ಬಳಿ ಏನೂ ಇರಲಿಲ್ಲ.

ಊಟ ಮುಗಿಸಿ ಹೊರಗೆ ಬಂದಾಗ ಅವರು ಸಾಲಾಗಿ ನಿಲ್ಲಿಸಿದ್ದ ಬೈಕುಗಳ ನಡುವೆ ನಿಂತು, ಒಂದೊಂದೇ ಸೀಟಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ನೋಡುತ್ತಿದ್ದರು.

ಅದಾಗಿ ಹೆಚ್ಚು ಕಾಲ ಅವ‌ರು ಇರಲಿಲ್ಲ. ಕರುಳು ಕಿರಿದಾಗಿ ಮತ್ತೆ ಆಪರೇಷನ್ ಆಯಿತು, ಸೋಂಕು ಇಳಿಯಲಿಲ್ಲ. ಕೊನೆಗೆ ನೋಡಲು ಹೋದಾಗ ನನ್ನ ಕೈ ಹಿಡಿದು ಹೆಬ್ಬೆರಳು ಸವರಿ, "ಜಡ್ಡುಗಟ್ಟೋಕೆ ಬಿಟ್ಬಿಟ್ಟಿದೀಯಾ. ಎಣ್ಣೆ ಹಚ್ಚು," ಎಂದರು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ಗುಡ್ಡಿ ಅಂಗಡಿಗೆ ಬಂದಳು. ಸ್ಕೂಟರಿನಿಂದ ಇಳಿಯದೆ, ಆ ಸೀಟಿನ ಮೇಲೆ ಕೂತೇ ಹೇಳಿದಳು, "ಅಂಕಲ್, ನಾನು ನಿಕಾಹ್‌ಗೆ ಮುಂಚೆಯೇ ನನ್ನ ಗಂಡಂಗೆ ಎಲ್ಲಾ ಹೇಳಿದ್ದೆ. ಟಿಬಿ ಅಲ್ಲ, ಚಾಚಾನಿಂದ ಬಂದಿದ್ದಲ್ಲ, ನಮ್ಮ ಮನೇಲೇ ಇರೋದು ಅಂತ."

"ಅವರೇನಂದ್ರು?"

"ನಮ್ಮಮ್ಮಂಗೆ ಶುಗರ್, ಅಪ್ಪಂಗೆ ಬಿಪಿ, ನಮ್ಮ ಕಡೆಯಿಂದ ನಿಂಗೆ ಅಷ್ಟು ಬರುತ್ತೆ, ಆಗಬಹುದಾ ಅಂದ್ರು." ನಕ್ಕಳು, ನಗು ಪೂರ್ತಿಯಾಗಲಿಲ್ಲ. "ಅಬ್ಬಾಗೆ ಗೊತ್ತಾದ್ರೆ ರಂಪ ಆಗುತ್ತೆ ಅಂತ ಯಾರಿಗೂ ಹೇಳಿರಲಿಲ್ಲ. ಮದುವೆ ಆಗಿ ಸ್ವಲ್ಪ ದಿನ ಆಗ್ಲಿ, ಚಾಚಾಗೆ ಹೇಳೋಣ, ಮನೆಗೆ ಕರೆದು ಒಟ್ಟಿಗೆ ಊಟ ಹಾಕೋಣ ಅಂತಿದ್ವಿ."

ನಾನು ಅವಳ ಸೀಟಿನ ಅಂಚಿನ ಹೊಲಿಗೆ ನೋಡಿದೆ. ಉಸ್ತಾದರು ಹೊತ್ತ ತಪ್ಪನ್ನು ಇಳಿಸಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲ.

"ನೀವು ಆಗೀಗ ಏನಾದ್ರೂ ಬರೀತೀರಲ್ಲ, ಇದನ್ನೂ ಬರೀರಿ," ಎಂದಳು. "ಹೆಸರು ಬೇಡ. ತಂಗಿ ಮದುವೆ ಇನ್ನೂ ಆಗಬೇಕು."

ಈಗ ಮಿಷನ್ನಿನ ಕೆಳಗಿನ ದಿಮ್ಮಿಗಳನ್ನು ತೆಗೆದಿದ್ದೇವೆ, ನಾನು ಕೂತು ಹೊಲಿಯುತ್ತೇನೆ. ಕೆಂಪು ಬೊಟ್ಟಿನ ತಟ್ಟೆಯನ್ನು ಮನೆಯವರು ಏನು ಮಾಡಿದರೋ ತಿಳಿಯದು. ಊಟ ಮೊದಲಿನಂತೆಯೇ ಬರುತ್ತದೆ. ದೊಡ್ಡವರು ಅಗಲ ತಟ್ಟೆ ಇಟ್ಟು ನಮ್ಮನ್ನು ಕರೆಯುತ್ತಾರೆ, ನಾವು ಮೂವರು ಉಣ್ಣುತ್ತೇವೆ. ಒಮ್ಮೊಮ್ಮೆ ಅವರು ತಮ್ಮ ಬದಿಯಿಂದ ಒಂದು ತುಂಡು ನನ್ನ ಕಡೆ ತಳ್ಳುತ್ತಾರೆ. ತಮ್ಮನ ಬಗ್ಗೆ ಮಾತಾಡುತ್ತಾರೆ, ಅವನಂಥ ಕೈ ಈ ಓಣಿಯಲ್ಲೇ ಇರಲಿಲ್ಲ ಎನ್ನುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ಅವನಿಂದ ಬಂದದ್ದಲ್ಲ ಎಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ.